ಹರಕೆ ತಪ್ಪಿದರೆ ದೇವರು ಹೊಡೆಯುತ್ತಾರೆಯೇ?



ದೂರದ ಊರುಗಳಿಂದ ಬಸ್ಸು, ಟೆಂಪೋ ಹಿಡಿದು, ಕೆಲವರು ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಈ ಬೆಟ್ಟಕ್ಕೆ ಬಂದಿದ್ದೀರಿ. ನಾನು ಪಂಡಿತನಲ್ಲ, ದೈವಶಾಸ್ತ್ರ ಓದಿದವನೂ ಅಲ್ಲ. ಪಿ.ಯು.ಸಿ. ಮುಗಿಸಿ ಈ ಪುಣ್ಯಕ್ಷೇತ್ರದ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿದವನು. ಪೂಜೆ ಬರೆಸುವವರಿಗೆ ರಸೀದಿ ಕೊಡುವುದು, ಕಾಣಿಕೆ ಲೆಕ್ಕ ನೋಡಿಕೊಳ್ಳುವುದು ನನ್ನ ಕೆಲಸ. ಆದರೆ ಕಚೇರಿ ಕಿಟಕಿಯ ಮುಂದೆ ನಿಲ್ಲುವವರು ದುಡ್ಡು ಕೊಟ್ಟು ಸುಮ್ಮನೆ ಹೋಗುವುದಿಲ್ಲ. ತಮ್ಮ ಕಷ್ಟ ಹೇಳಿಕೊಳ್ತಾರೆ. ಕೊನೆಗೆ ಬಹಳ ಜನ ಕೇಳುವ ಪ್ರಶ್ನೆ ಒಂದೇ: "ಸಾರ್, ನಾವೇನು ತಪ್ಪು ಮಾಡಿದ್ವಿ ಅಂತ ದೇವರು ನಮಗೆ ಹೀಗೆ ಮಾಡಿದ್ರು?"

ಈ ಪ್ರಶ್ನೆಗೆ ನಾನು ಒಮ್ಮೆ ಕೆಟ್ಟ ಉತ್ತರ ಕೊಟ್ಟೆ. ಅದನ್ನು ಹೇಳದೆ ಈ ಲೇಖನ ಬರೆಯುವುದು ಸರಿಯಲ್ಲ.

ಬಹಳ ವರ್ಷಗಳ ಹಿಂದಿನ ಮಾತು. ಹಬ್ಬದ ಮಾರನೆಯ ದಿನ, ಜನ ಕಡಿಮೆ. ಒಬ್ಬ ತಾಯಿ ಬಂದು ತೀರಿಹೋದ ಮಗನ ಹೆಸರಿಗೆ ಪೂಜೆ ಬರೆಸಿದರು. ಹುಡುಗನಿಗೆ ಒಂಬತ್ತು ವರ್ಷ, ಜ್ವರ ಬಂದು ಹೋಗಿಬಿಟ್ಟ. "ಯಾಕೆ ಹೀಗಾಯ್ತು ಅಣ್ಣಾ?" ಅಂತ ನನ್ನನ್ನೇ ಕೇಳಿದರು. ನಾನು ಲೆಕ್ಕದ ಪುಸ್ತಕದಿಂದ ತಲೆ ಎತ್ತದೆ, "ಏನಾದ್ರೂ ಹರಕೆ ಬಾಕಿ ಉಳಿದಿದೆಯೇನಮ್ಮ? ನೆನಪು ಮಾಡಿಕೊಳ್ಳಿ" ಅಂದುಬಿಟ್ಟೆ. ಎಲ್ಲರೂ ಹೇಳುವ ಮಾತು, ನಾನೂ ಹೇಳಿದೆ. ಆಕೆ ಸ್ವಲ್ಪ ಹೊತ್ತು ನಿಂತು ಯೋಚಿಸಿದರು. ಮಗು ಹುಟ್ಟಿದಾಗ ಬೆಳ್ಳಿ ತೊಟ್ಟಿಲು ಒಪ್ಪಿಸುತ್ತೇನೆ ಅಂತ ಹೇಳಿಕೊಂಡಿದ್ದರಂತೆ, ಕೈಯಲ್ಲಿ ದುಡ್ಡು ಇರಲಿಲ್ಲವಂತೆ. ಹದಿನೈದು ದಿನ ಬಿಟ್ಟು ಅವರು ಮತ್ತೆ ಬಂದರು. ಕಿವಿಯಲ್ಲಿ ಓಲೆ ಇರಲಿಲ್ಲ. ಗಿರವಿ ಇಟ್ಟಿದ್ದರು. ತೊಟ್ಟಿಲು ಕೊಟ್ಟರು, ನಾನು ರಸೀದಿ ಬರೆದೆ. "ನಾನೇ ನನ್ನ ಮಗನ್ನ ಕೊಂದೆ" ಅಂತ ಹೇಳಿ ಬೆಟ್ಟ ಇಳಿದುಹೋದರು.

ಆಗ ನಮ್ಮಲ್ಲಿ ಒಬ್ಬ ವೃದ್ಧ ಗುರುಗಳು ವಿಶ್ರಾಂತಿಯಲ್ಲಿದ್ದರು. ಸಂಜೆ ನಡೆದದ್ದನ್ನು ಅವರಿಗೆ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. "ಏನಪ್ಪಾ, ಬೈಬಲಿನಲ್ಲಿ ಯಾವ ಪುಟದಲ್ಲಿ ಇದನ್ನು ಓದಿದೆ?" ಅಂತ ಮಾತ್ರ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ಬೈಬಲನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಲು ಶುರುಮಾಡಿದೆ: ದೇವರಿಗೆ ದ್ರೋಹ ಮಾಡಿದರೆ ಏನಾಗುತ್ತದೆ? ನಾನು ಕಂಡುಕೊಂಡಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಬೆಟ್ಟದ ಬುಡದಲ್ಲೇ ನಡೆದ ದ್ರೋಹ

ದ್ರೋಹಕ್ಕೆ ಫಲ ಇಲ್ಲ ಅಂತ ಬೈಬಲ್ ಎಲ್ಲಿಯೂ ಹೇಳುವುದಿಲ್ಲ. ಅದನ್ನು ಮೊದಲು ಒಪ್ಪಿಕೊಳ್ಳಬೇಕು. ಈಜಿಪ್ಟಿನಲ್ಲಿ ಗುಲಾಮರಾಗಿದ್ದ ಇಸ್ರಯೇಲ್ ಜನರನ್ನು ದೇವರು ಬಿಡಿಸಿ ತಂದರು. ಸಿನಾಯಿ ಬೆಟ್ಟದ ಬಳಿ ಅವರ ಜೊತೆ ಒಡಂಬಡಿಕೆ ಮಾಡಿಕೊಂಡರು. ನಾನು ನಿಮ್ಮ ದೇವರು, ನೀವು ನನ್ನ ಜನ ಎಂಬ ಮಾತುಕತೆ ಅದು. ಮದುವೆಯ ಹಾಗೆ ಎರಡೂ ಕಡೆ ಮಾತು ಕೊಟ್ಟಾಯಿತು. ಆದರೆ ಮೋಶೆ 40 ದಿನ ಬೆಟ್ಟದ ಮೇಲೆ ಇದ್ದುದೇ ತಡ, ಜನ ಕೆಳಗೆ ತಮ್ಮ ಓಲೆಗಳನ್ನು ಬಿಚ್ಚಿ ಆರೋನನ ಕೈಗೆ ಕೊಟ್ಟು ಚಿನ್ನದ ಕರು ಮಾಡಿಸಿಕೊಂಡರು. ವಿಮೋಚನಾಕಾಂಡದ 32ನೇ ಅಧ್ಯಾಯದಲ್ಲಿ ಇದಿದೆ. ಬೆಟ್ಟದ ತುದಿಯಲ್ಲಿ ದೇವರ ಮಾತು, ಬುಡದಲ್ಲೇ ದ್ರೋಹ. ಬೆಟ್ಟ ಹತ್ತಿ ಇಳಿಯುವ ನಮಗೆ ಈ ಕಥೆ ಚೆನ್ನಾಗಿಯೇ ಅರ್ಥವಾಗಬೇಕು.

ಮುಂದೆ ಧರ್ಮೋಪದೇಶಕಾಂಡದ 28ನೇ ಅಧ್ಯಾಯದಲ್ಲಿ ಒಡಂಬಡಿಕೆ ಪಾಲಿಸಿದರೆ ಬರುವ ಆಶೀರ್ವಾದ, ಮುರಿದರೆ ಬರುವ ಶಾಪ, ಎರಡನ್ನೂ ಬರೆದಿದೆ. ಶಾಪದ ಪಟ್ಟಿಯೇ ಉದ್ದ. ಬರ, ರೋಗ, ಸೋಲು, ಕೊನೆಗೆ ಪರದೇಶದ ಸೆರೆ. ನಾವು ಇದನ್ನು ಓದಿ ಹೆದರಿಕೊಂಡು ಪುಸ್ತಕ ಮುಚ್ಚಿಬಿಡ್ತೇವೆ. ಪುಟ ತಿರುಗಿಸುತ್ತಾ ಹೋದರೆ ಆ ಶಾಪ ನಿಜ ಜೀವನದಲ್ಲಿ ಹೇಗೆ ಬಂತು ಅಂತ ತಿಳಿಯುತ್ತದೆ.

ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡವರು

ಹರಕೆಯ ವಿಷಯ ಕೇಳುವವರಿಗೆಲ್ಲ ನಾನು ಈಗ ಯೆರೆಮೀಯನ ಗ್ರಂಥದ 34ನೇ ಅಧ್ಯಾಯ ಓದಲು ಹೇಳುತ್ತೇನೆ. ನಮ್ಮಲ್ಲಿ ಹೆಚ್ಚು ಜನ ಅದನ್ನು ಕೇಳಿಯೇ ಇಲ್ಲ.

ಚಿದ್ಕೀಯ ಜೆರುಸಲೇಮಿನ ಅರಸನಾಗಿದ್ದ ಕಾಲ. ಬಾಬಿಲೋನಿಯದ ಅರಸ ನೆಬೂಕದ್ನೆಚ್ಚರನ ಸೈನ್ಯ ಬಂದು ಪಟ್ಟಣಕ್ಕೆ ಮುತ್ತಿಗೆ ಹಾಕಿತ್ತು. ಊರಿನ ದೊಡ್ಡವರ ಮನೆಗಳಲ್ಲಿ ಸಾಲಕ್ಕೆ ಸಿಕ್ಕಿ ಆಳಾಗಿ ದುಡಿಯುತ್ತಿದ್ದ ಸ್ವಂತ ಜನ ಇದ್ದರು, ಗಂಡಸರು, ಹೆಂಗಸರು. ಇಂಥವರನ್ನು ಆರು ವರ್ಷ ದುಡಿಸಿಕೊಂಡ ಮೇಲೆ ಏಳನೆಯ ವರ್ಷ ಬಿಟ್ಟುಬಿಡಬೇಕು, ಬರಿಗೈಯಲ್ಲಿ ಕಳಿಸಬಾರದು ಎಂಬುದು ಮೋಶೆಯ ಕಾಲದ ಕಟ್ಟಳೆ. ಅದನ್ನು ಯಾರೂ ಪಾಲಿಸಿರಲಿಲ್ಲ. ಶತ್ರು ಬಾಗಿಲಿಗೆ ಬಂದಾಗ ಎಲ್ಲರಿಗೂ ದೇವರ ನೆನಪಾಯಿತು. ಅರಸ, ಅಧಿಕಾರಿಗಳು, ಯಾಜಕರು, ಜನ ಎಲ್ಲರೂ ಸೇರಿ ಮಹಾದೇವಾಲಯದಲ್ಲೇ ಪ್ರಮಾಣ ಮಾಡಿದರು. ಕರುವನ್ನು ಎರಡು ಹೋಳು ಮಾಡಿ ಅದರ ನಡುವೆ ನಡೆದುಹೋದರು. ಮಾತು ತಪ್ಪಿದರೆ ನಮಗೂ ಇದೇ ಗತಿ ಆಗಲಿ ಎಂಬುದು ಅದರ ಅರ್ಥ. ಆಳುಗಳನ್ನೆಲ್ಲ ಬಿಟ್ಟರು.

ಅಷ್ಟರಲ್ಲಿ ಈಜಿಪ್ಟಿನ ಸೈನ್ಯ ಹೊರಟ ಸುದ್ದಿ ಬಂತು. ಬಾಬಿಲೋನಿನವರು ಮುತ್ತಿಗೆ ಬಿಟ್ಟು ಆ ಕಡೆ ಹೋದರು. ಊರಿಗೆ ಉಸಿರು ಬಂತು. ಕಷ್ಟ ಕಳೆಯಿತು ಅಂದುಕೊಂಡರು. ಆಗ ಆ ದೊಡ್ಡ ಮನುಷ್ಯರು ಏನು ಮಾಡಿದರು ಗೊತ್ತೇ? ಬಿಟ್ಟ ಆಳುಗಳನ್ನು ಮತ್ತೆ ಹಿಡಿದು ತಂದು ದುಡಿಮೆಗೆ ಹಚ್ಚಿದರು!

ಬಂಧುಗಳೇ, ಇದು ನಮ್ಮ ಕಥೆಯಲ್ಲವೇ? ಆಸ್ಪತ್ರೆಯ ಹಾಸಿಗೆ ಮೇಲೆ ಮಲಗಿದಾಗ ಕುಡಿತ ಬಿಡ್ತೀನಿ, ತಮ್ಮನ ಪಾಲು ಕೊಡ್ತೀನಿ, ಕೂಲಿಯವರ ಬಾಕಿ ಚುಕ್ತಾ ಮಾಡ್ತೀನಿ ಅನ್ನುತ್ತೇವೆ. ಎದ್ದು ಓಡಾಡುವಂತಾದ ಮೇಲೆ ಒಂದು ಕಟ್ಟು ಮೇಣದಬತ್ತಿ ಹಚ್ಚಿ ಲೆಕ್ಕ ಸರಿಹೋಯಿತು ಅಂತ ತಿಳಿದುಕೊಳ್ಳುತ್ತೇವೆ. ಜೆರುಸಲೇಮಿನವರು ಯಾವ ಬೆಳ್ಳಿ ತೊಟ್ಟಿಲನ್ನೂ ಬಾಕಿ ಉಳಿಸಿರಲಿಲ್ಲ. ಬಲಿ, ಧೂಪ ಎಲ್ಲ ನಡೆಯುತ್ತಲೇ ಇತ್ತು. ಅವರು ಬಾಕಿ ಉಳಿಸಿದ್ದು ಮನುಷ್ಯರ ಬಿಡುಗಡೆ. ದೇವರು ಅದನ್ನು ತಮ್ಮ ಹೆಸರಿಗೇ ಮಾಡಿದ ಅವಮಾನ ಅಂತ ಯೆರೆಮೀಯನ ಬಾಯಿಂದ ಹೇಳಿಸಿದರು. ನೀವು ಅವರಿಗೆ ಬಿಡುಗಡೆ ಕೊಡಲಿಲ್ಲ, ಹಾಗಾದರೆ ನಿಮ್ಮನ್ನು ಕತ್ತಿಗೆ, ರೋಗಕ್ಕೆ, ಹಸಿವಿಗೆ ಬಿಡುತ್ತೇನೆ ಎಂಬ ಅರ್ಥದಲ್ಲಿ ಎಚ್ಚರಿಕೆ ಕೊಟ್ಟರು.

ಬಾಬಿಲೋನಿನ ಸೈನ್ಯ ತಿರುಗಿ ಬಂತು. ಊರಿನಲ್ಲಿ ಅನ್ನಕ್ಕೆ ತತ್ವಾರವಾಯಿತು. ಕ್ರಿ.ಪೂ. 587ರಲ್ಲಿ (586 ಎಂದೂ ಹೇಳುವವರಿದ್ದಾರೆ) ಗೋಡೆ ಒಡೆದು ಒಳನುಗ್ಗಿದರು. ರಾತ್ರಿ ಓಡಿಹೋದ ಚಿದ್ಕೀಯನನ್ನು ಜೆರಿಕೋ ಬಯಲಿನಲ್ಲಿ ಹಿಡಿದರು. ಅವನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು, ಆಮೇಲೆ ಅವನ ಕಣ್ಣು ಕಿತ್ತು, ಸಂಕೋಲೆ ಹಾಕಿ ಒಯ್ದರು. ಸೊಲೊಮೋನ ಕಟ್ಟಿಸಿದ ದೇವಾಲಯ ಬೂದಿಯಾಯಿತು. ಇನ್ನೊಂದು ಮಾತು ಯೆರೆಮೀಯ 39ನೇ ಅಧ್ಯಾಯದಲ್ಲಿದೆ. ಆಸ್ತಿಪಾಸ್ತಿ ಏನೂ ಇಲ್ಲದ ಕೆಲವು ಬಡವರನ್ನು ಬಾಬಿಲೋನಿನ ಸೇನಾಪತಿ ಅಲ್ಲೇ ಬಿಟ್ಟು, ಅವರಿಗೆ ಹೊಲ, ದ್ರಾಕ್ಷಿತೋಟ ಕೊಟ್ಟನಂತೆ. ಸ್ವಂತ ಅಣ್ಣತಮ್ಮಂದಿರು ಕೊಡದಿದ್ದುದನ್ನು ಪರದೇಶದ ಸೇನಾಪತಿ ಕೊಟ್ಟ.

ಫಲ ಎಲ್ಲಿಂದ ಬರುತ್ತದೆ?

ಹಾಗಾದರೆ ದೇವರು ದೊಣ್ಣೆ ಹಿಡಿದು ಕಾದು ಕುಳಿತಿರುತ್ತಾರೆಯೇ? ಪ್ರವಾದಿಗಳು ದೇವರ ಕೋಪ, ದಂಡನೆ ಎಂಬ ಮಾತುಗಳನ್ನು ಬಳಸುತ್ತಾರೆ, ಅದನ್ನು ಮುಚ್ಚಿಡುವಂತಿಲ್ಲ. ಆದರೆ ಅವರು ಇನ್ನೊಂದು ಮಾತನ್ನೂ ಮತ್ತೆ ಮತ್ತೆ ಹೇಳುತ್ತಾರೆ. ನೀವು ಬಿತ್ತಿದ್ದನ್ನೇ ನೀವು ಕೊಯ್ಯುತ್ತಿದ್ದೀರಿ ಎಂಬುದು. ಯೆರೆಮೀಯ ಕೊಟ್ಟ ಹೋಲಿಕೆ ನೀರಿನದು. ಹರಿಯುವ ಒರತೆಯನ್ನು ಬಿಟ್ಟು ಬಿರುಕು ಬಿಟ್ಟ ತೊಟ್ಟಿ ತೋಡಿಕೊಂಡವರಿಗೆ ಬಾಯಾರಿಕೆ ಆಗುತ್ತದೆ. ಆ ಬಾಯಾರಿಕೆಯನ್ನು ಯಾರೂ ಹೊರಗಿನಿಂದ ತಂದು ಹಾಕಬೇಕಾಗಿಲ್ಲ.

ಅಹಾಬ ಅರಸನನ್ನೇ ನೋಡಿ. ಅವನು ಸಮಾರಿಯದಲ್ಲಿ ಬಾಳ್ ದೇವತೆಗೆ ಗುಡಿ ಕಟ್ಟಿಸಿದ. ಇದು ಬರೀ ಪೂಜೆ ಬದಲಾದ ವಿಷಯ ಅಂದುಕೊಳ್ಳಬೇಡಿ. ಹಿರಿಯರಿಂದ ಬಂದ ಭೂಮಿ ದೇವರು ಕೊಟ್ಟದ್ದು, ಅದನ್ನು ಬಲವಂತವಾಗಿ ಕಿತ್ತುಕೊಳ್ಳಬಾರದು ಎಂಬುದು ಇಸ್ರಯೇಲಿನ ನಂಬಿಕೆ. ಆ ದೇವರೇ ಬೇಡ ಅಂದ ಮೇಲೆ ಪಕ್ಕದ ಮನೆಯ ನಾಬೋತನ ದ್ರಾಕ್ಷಿತೋಟ ಕಣ್ಣಿಗೆ ಬಿತ್ತು. ನಾಬೋತ ಕೊಡಲಿಲ್ಲ. ರಾಣಿ ಈಜೆಬೆಲ್ ಇಬ್ಬರು ಸುಳ್ಳುಸಾಕ್ಷಿಗಳನ್ನು ನಿಲ್ಲಿಸಿ ಅವನನ್ನು ಕಲ್ಲು ಹೊಡೆಸಿ ಕೊಲ್ಲಿಸಿದಳು. ತೋಟ ನೋಡಲು ಹೋದ ಅರಸನ ಎದುರಿಗೆ ಪ್ರವಾದಿ ಎಲೀಯ ಬಂದು ನಿಂತ. ದೇವರನ್ನು ಬಿಟ್ಟವನ ಕೈ ನೆರೆಯವನ ಬೇಲಿ ದಾಟುತ್ತದೆ, ಅದರ ಮೊದಲ ಪೆಟ್ಟು ಬೀಳುವುದು ನಾಬೋತನಂಥ ನಿರಪರಾಧಿಗೆ.

ದಕ್ಷಿಣದ ತೆಕೋವ ಊರಿನ ಕುರಿಗಾರ ಆಮೋಸನೂ ಉತ್ತರ ರಾಜ್ಯದ ಬೇತೇಲಿಗೆ ಹೋಗಿ ಇದನ್ನೇ ಹೇಳಿದ. ಬೇತೇಲ್ ಆಗ ದೊಡ್ಡ ಯಾತ್ರಾಸ್ಥಳ. ಹಬ್ಬ, ಹಾಡು, ಬಲಿ ಯಾವುದಕ್ಕೂ ಕೊರತೆ ಇರಲಿಲ್ಲ. ಆದರೆ ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರುತ್ತಿದ್ದರು. ಇಂಥ ಹಬ್ಬ ದೇವರಿಗೆ ಬೇಡ ಅಂದ ಆಮೋಸನನ್ನು ಅಲ್ಲಿನ ಯಾಜಕ ನಿನ್ನ ಊರಿಗೆ ಹೋಗಿ ಬದುಕಿಕೋ ಅಂತ ಓಡಿಸಿದ. ಅರ್ಧ ಶತಮಾನ ತುಂಬುವುದರೊಳಗೆ, ಕ್ರಿ.ಪೂ. 722ರ ಸುಮಾರಿಗೆ, ಅಸ್ಸೀರಿಯದವರು ಆ ರಾಜ್ಯವನ್ನು ಮುಗಿಸಿದರು. ಒಳಗೆ ಒಬ್ಬರನ್ನೊಬ್ಬರು ತಿಂದುಕೊಂಡಿದ್ದ ನಾಡು ಅದು.

ಪುಣ್ಯಕ್ಷೇತ್ರ ಗುರಾಣಿಯಲ್ಲ

ಪುಣ್ಯಕ್ಷೇತ್ರದ ಸಂಬಳ ತಿನ್ನುವ ನಾನು ಇದನ್ನು ಬರೆಯಬಹುದೇ ಅಂತ ಕೆಲವರು ಕೇಳಬಹುದು. ಬರೆಯಲೇಬೇಕು. ಯೆರೆಮೀಯ ದೇವಾಲಯದ ಬಾಗಿಲಲ್ಲೇ ನಿಂತು, ಒಳಗೆ ಹೋಗುತ್ತಿದ್ದ ಭಕ್ತರಿಗೆ ಹೇಳಿದ ಮಾತು ಗ್ರಂಥದ 7ನೇ ಅಧ್ಯಾಯದಲ್ಲಿದೆ. ಪರದೇಶಿ, ಅನಾಥ, ವಿಧವೆ ಇವರನ್ನು ಹಿಂಸಿಸಿ, ಕದ್ದು, ಸುಳ್ಳು ಆಣೆ ಹಾಕಿ, ಆಮೇಲೆ ಇಲ್ಲಿಗೆ ಬಂದು ನಾವು ಸುರಕ್ಷಿತ ಅಂದುಕೊಂಡರೆ ನಡೆಯುವುದಿಲ್ಲ ಅಂದ. ಹಿಂದೆ ಶಿಲೋ ಎಂಬಲ್ಲಿ ದೇವರ ಮಂದಿರ ಇತ್ತು, ಈಗ ಅದರ ಗತಿ ಏನಾಗಿದೆ ಹೋಗಿ ನೋಡಿ ಅಂದ. ಇದಕ್ಕಾಗಿ ಅವನನ್ನು ಕೊಲ್ಲಲೂ ನೋಡಿದರು.

ಈ ಬೆಟ್ಟಕ್ಕೂ ಆ ಮಾತು ಅನ್ವಯಿಸುತ್ತದೆ. ಇಲ್ಲಿಗೆ ಕ್ರೈಸ್ತರಷ್ಟೇ ಅಲ್ಲ, ಎಲ್ಲ ಜಾತಿಮತದವರೂ ನಂಬಿಕೆಯಿಂದ ಬರುತ್ತೀರಿ. ಬೆಟ್ಟ ಹತ್ತುವುದು ಒಳ್ಳೆಯದೇ. ಬೆವರು, ಹಸಿವು, ಪ್ರಾರ್ಥನೆ ಮನಸ್ಸನ್ನು ಮೆತ್ತಗೆ ಮಾಡುತ್ತವೆ. ಆದರೆ ಕೆಳಗೆ ಬಿಟ್ಟು ಬಂದ ಅನ್ಯಾಯಕ್ಕೆ ಮೇಲೆ ಬರೆಯುವ ರಸೀದಿ ಉತ್ತರವಾಗುವುದಿಲ್ಲ. ಇಷ್ಟು ವರ್ಷ ರಸೀದಿ ಬರೆದವನು ಹೇಳುತ್ತಿದ್ದೇನೆ.

ಆದರೆ ತಿರುಗಿಸಿ ಓದಬೇಡಿ

ಈಗ ಆ ತಾಯಿಯ ಪ್ರಶ್ನೆಗೆ ಬರುತ್ತೇನೆ. ದ್ರೋಹ ಮಾಡಿದರೆ ಕೆಡುಕು ಬರುತ್ತದೆ ಅನ್ನುವುದು ಒಂದು ಮಾತು. ಕೆಡುಕು ಬಂದಿದೆ, ಆದ್ದರಿಂದ ಇವರು ದ್ರೋಹ ಮಾಡಿರಲೇಬೇಕು ಅನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಬೈಬಲ್ ಹೇಳುತ್ತದೆ. ಎರಡನೆಯದನ್ನು ಯೋಬನ ಸ್ನೇಹಿತರು ಹೇಳಿದರು, ದೇವರು ಕೊನೆಯಲ್ಲಿ ಅವರ ಮೇಲೆಯೇ ಸಿಟ್ಟಾದರು. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡು ಬೂದಿಯಲ್ಲಿ ಕುಳಿತವನ ಮುಂದೆ ಅವರು ನಿನ್ನ ಪಾಪ ಏನೋ ಇದೆ, ಹುಡುಕು ಅನ್ನುತ್ತಿದ್ದರು. ಕಿಟಕಿಯೊಳಗೆ ಕುಳಿತು ನಾನು ಮಾಡಿದ್ದೂ ಅದೇ ಕೆಲಸ.

ಯೇಸುಸ್ವಾಮಿಯ ಕಾಲದಲ್ಲಿ ಜೆರುಸಲೇಮಿನ ಸಿಲೋವದಲ್ಲಿ ಗೋಪುರ ಕುಸಿದು 18 ಮಂದಿ ಸತ್ತರು. ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಾಗಿದ್ದರೇ ಅಂತ ಯೇಸುವೇ ಕೇಳಿ, ಅಲ್ಲ ಅಂತ ತಾವೇ ಉತ್ತರ ಕೊಟ್ಟರು. ಆದರೆ ನೀವು ಮನಸ್ಸು ತಿರುಗಿಸದಿದ್ದರೆ ನೀವೂ ನಾಶವಾಗುವಿರಿ ಅಂತ ಕೇಳುತ್ತಿದ್ದವರಿಗೇ ಎಚ್ಚರಿಕೆ ಕೊಟ್ಟರು. ಲೂಕನ ಶುಭಸಂದೇಶದ 13ನೇ ಅಧ್ಯಾಯ ಇದು. ಹುಟ್ಟುಕುರುಡನನ್ನು ಕಂಡು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಅಂತ ಶಿಷ್ಯರು ಕೇಳಿದಾಗಲೂ ಅವರಿಬ್ಬರ ಮೇಲೂ ತಪ್ಪು ಹೊರಿಸಲಿಲ್ಲ. ಸತ್ತವರನ್ನು, ನೋವುಂಡವರನ್ನು ಅವರು ಅಳೆಯಲಿಲ್ಲ. ಬದುಕಿರುವವನು ತನ್ನ ದಾರಿ ನೋಡಿಕೊಳ್ಳಲಿ ಅಂದರು.

ಇನ್ನು ಅಪ್ಪ ಅಮ್ಮನ ಹರಕೆ ಬಾಕಿಗೆ ದೇವರು ಮಕ್ಕಳನ್ನು ಕೊಲ್ಲುತ್ತಾರೆಯೇ? ಸೆರೆಗೆ ಹೋದ ಜನ ಹೀಗೇ ಮಾತಾಡುತ್ತಿದ್ದರು. ಹಿರಿಯರು ಹುಳಿ ದ್ರಾಕ್ಷಿ ತಿಂದದ್ದಕ್ಕೆ ನಮ್ಮ ಹಲ್ಲು ಜುಮ್ಮೆನ್ನುತ್ತಿದೆ ಎನ್ನುವ ಅರ್ಥದ ಗಾದೆ ಅವರ ಬಾಯಲ್ಲಿತ್ತು. ಈ ಗಾದೆಯನ್ನು ಇನ್ನು ಹೇಳಬಾರದು ಅಂತ ದೇವರು ಪ್ರವಾದಿ ಯೆಜೆಕಿಯೇಲನ ಮೂಲಕ ಕಟ್ಟಪ್ಪಣೆ ಮಾಡಿದರು. ತಂದೆಯ ದೋಷವನ್ನು ಮಗ ಹೊರುವುದಿಲ್ಲ, ಕೆಟ್ಟವನೂ ಸಾಯುವುದು ದೇವರಿಗೆ ಇಷ್ಟವಿಲ್ಲ, ತಿರುಗಿ ಬಂದು ಬದುಕಲಿ ಅನ್ನುವುದೇ ಅವರ ಇಚ್ಛೆ. ಇದು 18ನೇ ಅಧ್ಯಾಯದ ಸಾರ. ಹಿರಿಯರ ತಪ್ಪಿನ ನೋವು ಮಕ್ಕಳಿಗೆ ತಾಗುತ್ತದೆ, ನಿಜ. ಕುಡುಕನ ಮನೆಯ ಮಕ್ಕಳನ್ನು ನೋಡಿದರೆ ಸಾಕು. ಆದರೆ ಆ ನೋವನ್ನು ತೋರಿಸಿ ಮಕ್ಕಳ ಮೇಲೆ ದೇವರ ತೀರ್ಪು ಬಂದಿದೆ ಅನ್ನಬಾರದು.

ಇಷ್ಟಕ್ಕೂ ನಂಬಿಗಸ್ತನಾಗಿದ್ದ ಯೆರೆಮೀಯನೇ ಏನು ಸುಖ ಕಂಡ? ಅವನನ್ನು ಕೆಸರು ತುಂಬಿದ ಬಾವಿಗೆ ಇಳಿಸಿದರು. ಎಬೆದ್ಮೆಲೆಕ ಎಂಬ ಆಫ್ರಿಕಾ ಮೂಲದ ಅರಮನೆ ಸೇವಕ ಹಗ್ಗದ ಜೊತೆ ಹಳೇ ಬಟ್ಟೆ ಚೂರುಗಳನ್ನೂ ಇಳಿಬಿಟ್ಟು, ಕಂಕುಳಿಗೆ ಕೊಟ್ಟುಕೋ, ಹಗ್ಗ ಒತ್ತೀತು ಅಂತ ಹೇಳಿ ಮೇಲೆತ್ತಿಸಿದ. ಬಾವಿಗೆ ಬಿದ್ದವನ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅನ್ನುವುದಕ್ಕೆ ನನಗೆ ಸಿಕ್ಕ ಪಾಠ ಈ ಬಟ್ಟೆ ಚೂರು. ಆ ತಾಯಿ ಬಾವಿಯೊಳಗಿದ್ದರು. ನಾನು ಮೇಲಿನಿಂದ ಕಲ್ಲು ಹಾಕಿದೆ.

ನೊಂದುಕೊಳ್ಳುವ ದೇವರು

ಪ್ರವಾದಿ ಹೊಶೇಯನ ಹೆಂಡತಿ ಗೋಮೆರ್ ಅವನನ್ನು ಬಿಟ್ಟು ಬೇರೆಯವರ ಹಿಂದೆ ಹೋದಳು. ಅವನು 15 ಬೆಳ್ಳಿ ನಾಣ್ಯ, ಜೊತೆಗೆ ಜವೆಗೋಧಿ ಕೊಟ್ಟು ಹೆಂಡತಿಯನ್ನು ಬಿಡಿಸಿ ಮನೆಗೆ ಕರೆತಂದ. ದೇವರಿಗೆ ಇಸ್ರಯೇಲ್ ಮಾಡಿದ ದ್ರೋಹ ಇಂಥದ್ದು, ದೇವರ ಮನಸ್ಸೂ ಇಂಥದ್ದು ಅಂತ ಹೊಶೇಯ ತನ್ನ ಸಂಸಾರದ ನೋವಿನಿಂದಲೇ ಕಲಿತ. ಮಗುವಿಗೆ ಕೈ ಹಿಡಿದು ನಡಿಗೆ ಕಲಿಸಿದ ತಂದೆಯ ಹಾಗೆ ದೇವರು ಮಾತಾಡುತ್ತಾರೆ, ಆ ಮಗುವನ್ನು ಹೇಗೆ ಕೈಬಿಡಲಿ ಅಂತ ಒದ್ದಾಡುತ್ತಾರೆ. ದ್ರೋಹದಿಂದ ಮೊದಲು ನೋಯುವವರು ದೇವರೇ ಅನ್ನುವುದು ನನಗೆ ಈ ಗ್ರಂಥ ಓದುವ ತನಕ ಹೊಳೆದಿರಲಿಲ್ಲ.

ಅದಕ್ಕೇ ಬೈಬಲಿನ ಕಥೆ ಜೆರುಸಲೇಮಿನ ಬೂದಿಯಲ್ಲಿ ಮುಗಿಯುವುದಿಲ್ಲ. ಸೆರೆಯಾಳುಗಳಿಗೆ ಯೆರೆಮೀಯ ಕಾಗದ ಬರೆದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಎಂಬ ಭರವಸೆಯ ಕಾಗದ. ಪಾರಸಿಯ ಅರಸ ಸೈರಸ್ ಕ್ರಿ.ಪೂ. 539ರಲ್ಲಿ ಬಾಬಿಲೋನನ್ನು ಗೆದ್ದ, ಮರುವರ್ಷ ಅವರಿಗೆ ಊರಿಗೆ ಹಿಂದಿರುಗಲು ಅಪ್ಪಣೆ ಸಿಕ್ಕಿತು. ಕ್ರಿ.ಪೂ. 515ರ ಹೊತ್ತಿಗೆ ದೇವಾಲಯ ಮತ್ತೆ ಎದ್ದಿತು.

ಬಂಧುಗಳೇ, ಬೆಟ್ಟ ಇಳಿಯುವ ಮೊದಲು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಕುಳಿತುಕೊಳ್ಳಿ. ನಾನು ಯಾರಿಗೆ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಅಂತ ಯೋಚಿಸಿ. ಕೂಲಿ ಬಾಕಿ ಇದ್ದರೆ ಮೊದಲು ಅದನ್ನು ಕೊಡಿ, ಮೇಣದಬತ್ತಿ ಆಮೇಲೆ ಹಚ್ಚಬಹುದು. ಹರಕೆ ತೀರಿಸಲು ಶಕ್ತಿ ಇಲ್ಲದವರು ಹೆದರಬೇಡಿ, ಗುರುಗಳ ಹತ್ತಿರ ಮಾತಾಡಿ. ಓಲೆ ಗಿರವಿ ಇಡಬೇಡಿ. ಪಕ್ಕದ ಮನೆಯಲ್ಲಿ ಸಾವಾದರೆ ಕಾರಣ ಹುಡುಕಲು ಹೋಗಬೇಡಿ, ಅನ್ನ ತೆಗೆದುಕೊಂಡು ಹೋಗಿ.

ಆ ತಾಯಿಯ ಊರು ನನಗೆ ಗೊತ್ತಿಲ್ಲ. ಹಳೆಯ ರಸೀದಿ ಪುಸ್ತಕದಲ್ಲಿ ಬರೀ ಹೆಸರಿದೆ. ಪ್ರತಿ ವರ್ಷ ಹಬ್ಬದ ಮಾರನೆಯ ದಿನ ಕಿಟಕಿಯಿಂದ ನೋಡುತ್ತೇನೆ. ಅಮ್ಮಾ, ಈ ಪುಸ್ತಕ ನಿಮ್ಮ ಕೈಗೆ ಬಂದರೆ ದಯವಿಟ್ಟು ಓದಿಸಿಕೊಳ್ಳಿ. ನಿಮ್ಮ ಮಗ ನಿಮ್ಮಿಂದ ಸಾಯಲಿಲ್ಲ. ತಪ್ಪು ಹೇಳಿದವನು ನಾನು. ನನ್ನನ್ನು ಕ್ಷಮಿಸಿ.

ಪ್ರಾರ್ಥನೆ: ಕರುಣಾಳು ದೇವರೇ, ಕೊಟ್ಟ ಮಾತಿನಂತೆ ನಡೆಯುವ ಬಲ ನಮಗೆ ಕೊಡಿ. ನಮ್ಮ ಕೈಕೆಳಗಿನವರಿಗೆ ನ್ಯಾಯ ಮಾಡಲು ಕಲಿಸಿ. ನೊಂದವರ ಮುಂದೆ ನಮ್ಮ ನಾಲಿಗೆಯನ್ನು ಕಾಯಿರಿ. ದಾರಿ ತಪ್ಪಿದಾಗ ನಮ್ಮನ್ನು ಮನೆಗೆ ಕರೆತನ್ನಿ. ಆಮೆನ್.